ಕೂತು ಕೇಳಿ ಎಂದ ಪ್ರೇಮಲೀಲಾ ಮೇಡಂ

ಮೇಡಂ ಅವರ ಯಜಮಾನರಾದ ಶಿವಮಲ್ಲಪ್ಪನವರೇ, ಮಗಳು ಲಾಸ್ಯ, ಮುಂದಿನ ಸಾಲಿನಲ್ಲಿರುವ ಆಡಳಿತ ಮಂಡಳಿಯ ಹಿರಿಯರೇ, ಜಾಗವಿಲ್ಲದೆ ನೆಲದ ಮೇಲೆ ಕೂತಿರುವ ನನ್ನ ನರ್ಸಿಂಗ್ ಮಕ್ಕಳೇ — ಮೇಡಂ ಅವರ ಶ್ರದ್ಧಾಂಜಲಿಗೆ ಬಂದ ಎಲ್ಲರಿಗೂ ಈ ಸುಷ್ಮಾಳ ನಮಸ್ಕಾರ.

ಪ್ರೇಮಲೀಲಾ ಮೇಡಂ ಶಾಂತಮೂರ್ತಿ ಅಂತ ಈಗ ತಾನೇ ಒಬ್ಬರು ಹೇಳಿದರು. ಕ್ಷಮಿಸಿ — ಸ್ಟಾಫ್ ರೂಮಿನಲ್ಲಿ ಇಷ್ಟು ವರ್ಷ ಅವರ ಪಕ್ಕದಲ್ಲಿ ಕೂತವಳು ನಾನು. ಶಾಂತಮೂರ್ತಿಯಂತೆ! ಬೆಂಕಿ ಕಣ್ರೀ, ಬೆಂಕಿ.

ರೋಗಿಯ ಹತ್ತಿರ ಹೇಗೆ ಮಾತಾಡಬೇಕು — ಅದೇ ಅವರ ಪಾಠ. ವಾರ್ಡಿಗೆ ಹೋದರೆ ಮೊದಲು ಸ್ಟೂಲು ಎಳೆದುಕೊಳ್ಳೋರು — ಹೀಗೆ — ಕೂತು, "ಏನಮ್ಮ, ನಿದ್ದೆ ಬಂತಾ?" ಅನ್ನೋರು. ಮಕ್ಕಳಿಗೆ ಹೇಳೋರು: "ನಿಂತು ಕೇಳಿದ್ರೆ ವಿಚಾರಣೆ ಕಣ್ರೇ, ಪೊಲೀಸರದ್ದು. ಕೂತು ಕೇಳಿ — ಆಗ ವಿಚಾರಿಸ್ಕೊಂಡ ಹಾಗೆ."

ಕಡಕೊಳದ ಅಂಬುಜಮ್ಮ ಅಂತ ಒಂದು ಅಜ್ಜಿ, ಡ್ರಿಪ್ ಹಾಕೋಕೆ ಕೈಯೇ ಕೊಡರು. ಬೈದರು, ಹೆದರಿಸಿದರು, ಎಲ್ಲರೂ ಸೋತರು. ಮೇಡಂ ಹೋಗಿ ಕೂತರು. ಅಜ್ಜಿ ಪಿಸುಗುಟ್ಟಿದ್ದು ಏನು ಗೊತ್ತಾ? "ಬಳೆ ತೆಗಿಸ್ಬುಡ್ತೀರಿ. ನಮ್ಮೋರು ಇನ್ನೂ ಬದ್ಕವ್ರೆ ಕಣವ್ವ." ಅಷ್ಟೇ! ಬಳೆ ಮೇಲಕ್ಕೆ ಸರಿಸಿದರು. ಅಜ್ಜಿ ಕೈ ಕೊಟ್ಟರು.

ಈಗ ನಮ್ಮ ಸಿಂಚನ, ಮೂರನೇ ವರ್ಷದವಳು. ಕೊನೆಯುಸಿರು ಎಳೆಯುತ್ತಿದ್ದ ಮರಿಸ್ವಾಮಿಯವರ ಕೈ ಹಿಡಿದು ಕೂತಳು. ಮನೆಯವರು ಬರೋವರೆಗೂ ಏಳಲಿಲ್ಲ. ರೌಂಡ್ಸಿಗೆ ದೊಡ್ಡ ಡಾಕ್ಟರು ಬಂದರು — ಆಗಲೂ ಏಳಲಿಲ್ಲ. ಅದು ಅಶಿಸ್ತಂತೆ. ಕೂತಿದ್ದಕ್ಕೆ, ಈ ಸಲ ಪರೀಕ್ಷೆಗೆ ಕೂರಿಸೋದಿಲ್ಲವಂತೆ!

ಮೇಡಂ ಪ್ರಿನ್ಸಿಪಾಲರ ಕೊಠಡಿಗೆ ಹೋದರು. ಕುರ್ಚಿ ತೋರಿಸಿದರೆ ಕೂರಲಿಲ್ಲ. "ಈ ಹುಡುಗೀನ ಪರೀಕ್ಷೆಗೆ ಕೂರಿಸಿ, ಆಮೇಲೆ ನಾನು ಕೂರ್ತೀನಿ" ಅಂದರು. ಹೊರಗೆ ಬಂದು ನನ್ನ ಕೈ ಹಿಡಿದುಕೊಂಡು, "ಸುಷ್ಮಾ, ಇದನ್ನ ಬಿಡಬಾರದು" ಅಂದರು, ಸಿಟ್ಟಿನಲ್ಲಿ. ಆ ವಾರವೇ ಹೃದಯಾಘಾತ. ಸ್ಟಾಫ್ ರೂಮಿನಲ್ಲಿ ಅವರ ಕುರ್ಚಿ ಇನ್ನೂ ನನ್ನ ಪಕ್ಕದಲ್ಲೇ ಇದೆ.

ಸಿಂಚನಾಳ ವಿಷಯ ಸೋಮವಾರ ತೀರ್ಮಾನ. ಮೇಡಂ ಹೋದರು, ಇನ್ನು ಕೇಳೋರು ಯಾರು ಅಂತ ಯಾರಾದರೂ ಅಂದುಕೊಂಡಿದ್ದರೆ — ಕೇಳೋಳು ಇಲ್ಲಿದ್ದೀನಿ. ಹೂವಿನ ಹಾರ ಹಾಕಿ, ಅವರ ಪಾಠಕ್ಕೆ ಬೀಗ ಹಾಕೋಕೆ ನಾನಂತೂ ಬಿಡೋದಿಲ್ಲ. ಆ ಕೊಠಡಿಯಲ್ಲಿ ಮೇಡಂ ನಿಂತ ಜಾಗದಲ್ಲೇ ನಿಲ್ತೀನಿ. ಬರೋರು ಬನ್ನಿ.

ಸೋಮವಾರ ಎಷ್ಟು ಹೊತ್ತಾದರೂ ನಿಲ್ಲೋಣ. ಇವತ್ತು ಒಂದು ನಿಮಿಷ, ಮೇಡಂಗೋಸ್ಕರ, ಮೌನವಾಗಿ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ —

ಸಿಂಚನಾ, ನೀನು ಏಳಬೇಡಮ್ಮ. ನೀನು ಕೂತಿರು.