ರೊಟ್ಟಿ ಬಡಿಯೋ ಸಪ್ಪಳ

…ಅಲ್ಲ ನೇತ್ರಾ, ನಿನ್ನ ಗೆಳತಿ ಭಾಗ್ಯಾ ಮಾರಿ ಮ್ಯಾಲೆ ಬಾಗಲಾ ಹಾಕಿದ್ರ ಅದಕ್ಕ ನಾ ಏನ ಮಾಡ್ಲಿ? ನನ್ನ ಯಾಕ ಹಂಗ ನೋಡ್ತಿ? ನಾ ಮುಂಜಾನಿಂದ ಹೊಸ್ತಲಾ ದಾಟಿಲ್ಲ ಯವ್ವಾ. ದಾಟಿದ್ರೂ ಕಟ್ಟಿತನಕ. ಕಟ್ಟಿ ಅಂದ್ರ ಮನಿ ಇದ್ದಂಗ.

ಕುಂದ್ರು ಮೊದಲ. ಆ ಬ್ಯಾಗ ಇಳಸು. ಬಾಗಲಕೋಟಿಂದ ಇಲಕಲ್ಲತನಕ ಬಸ್ಸಿನ್ಯಾಗ ನಿಂತಕೊಂಡ ಬಂದಿ, ಬಂದಾಕಿ ನೀರ ಸೈತ ಕುಡೀದ ಮನಿ ಮನಿ ತಿರಗಿದಿ. ಅತ್ತಿ ಮಾತ ಒಂದಾರ ಕೇಳು, ಕುಂದ್ರು.

ಹ್ಞಾಂ. ಈಗ ಹೇಳು. ಯಾರೂ ಬರಂಗಿಲ್ಲ ಅಂದ್ರ? ಓಣಿಯಾಗ ಒಬ್ಬಾಕೀನೂ? ಅಯ್ಯ ಶಿವನ… ನಾಳೆ ನಿಮ್ಮ ಮೇಡಂ ಕಾಲೇಜಿಂದ ಇಲ್ಲಿಗೇ ಬರಾಕಿದ್ದಾರಲ್ಲ, ನೀ ಕೂಡಿಸಿದ ಹೆಣ್ಮಕ್ಕಳ ಸಭಾ ನೋಡಾಕ. ಸಭಾ ನಡದ್ರ ನಿನ್ನ ಎಂ.ಎಸ್.ಡಬ್ಲ್ಯೂ ಮುಗದಂಗ, ಖುರ್ಚಿ ಖಾಲಿ ಇದ್ರ ಫೀಲ್ಡ್ ವರ್ಕಿನ್ಯಾಗ ಫೇಲ. ನನಗೇನ ಗೊತ್ತಿಲ್ಲಂತ ತಿಳದೀಯೇನ? ನಿನ್ನ ಗಂಡ ಸುನೀಲ ಎಲ್ಲಾ ಹೇಳ್ಯಾನ. ಮಗ ಹುನಗುಂದದಾಗ ನೌಕರಿ ಮಾಡಿದ್ರೂ ದಿನಾ ಅವ್ವಗ ಫೋನ್ ಹಚ್ತಾನ.

ಏನಂದ್ಲು ಭಾಗ್ಯಾ? ಬೈದ್ಲೇನ?

ಹೇಳಂಗಿಲ್ಲ. ಸರಿ. ಇದೊಂದ ಚಟ ಕಲತ ಬಂದೀ ನೋಡು ಕಾಲೇಜಿಂದ. ಮಂದಿ ಮಾತಾಡಬೇಕಂತ, ನೀವು ತಲಿ ಅಲ್ಲಾಡಿಸಿಕೋತ ಸುಮ್ಮನ ಕುಂದರಬೇಕಂತ. ಅದಕ್ಕ ಎರಡ ವರ್ಷ ಓದಬೇಕಂತ! ನಿಮ್ಮ ಮಾವ ಯಾವ ಕಾಲೇಜಿಗೂ ಹೋಗದ ಜನ್ಮಪೂರ್ತಿ ಸುಮ್ಮನ ಕುಂತಾನ, ಅವಗ ಯಾರೂ ಡಿಗ್ರಿ ಕೊಟ್ಟಿಲ್ಲ.

ನಗಬ್ಯಾಡ. ನಗಲಿಲ್ಲಾ? ನಕ್ಕಂಗ ಕಾಣಿಸ್ತು.

ನನ್ನ ಕೈ ಯಾಕ ನೋಡಾಕತ್ತಿ? ಈ ಬಟ್ಟಿ? ಏನಿಲ್ಲ, ಬಾಗಲಾ ಬಡೀತು. ಹೋದ ಸಲಾ ಸಂತ್ಯಾಗ ಚೀಲ ಎತ್ತಿ ಉಳುಕಿತ್ತು ಅಂದಿದ್ನೇನ? ಎರಡೂ ಖರೇನ. ಮೊದಲ ಉಳುಕಿತ್ತು, ಆಮ್ಯಾಲೆ ಬಾಗಲಾ ಬಡೀತು. ಕೈ ವಿಷಯ ಬಿಡು, ನಿನ್ನ ವಿಷಯ ಹೇಳು.

ಹುಚ್ಚ ಅದಾಳ ಆ ಭಾಗ್ಯಾ. ಒಂದ ರೊಟ್ಟಿ ಮಾತಿಗೆ ಇಡೀ ಓಣಿ ನಿನಗ ಎದರ ಮಾಡಿ ಇಡೂದಂದ್ರ…

ಏನು? ನೀ ರೊಟ್ಟಿ ಅಂದೇ ಇಲ್ಲಾ? ಈಗಿನ್ನ ಅಂದಿ. ಅಂದಿಲ್ಲಾ? ಹಂಗಾರ… ಯಾರೋ ಅಂದ್ರು. ಗಾಳಿಗೆ ಬಂತು.

ಹಂಗ ನೋಡಬ್ಯಾಡ ಯವ್ವಾ. ಸರಿ, ಗೊತ್ತೈತಿ ನನಗ. ಭಾಗ್ಯಾಗ ರೊಟ್ಟಿ ಬಡಿಯಾಕ ಬರಂಗಿಲ್ಲ. ಮಲ್ಲಮ್ಮನ ರೊಟ್ಟಿ ಕೇಂದ್ರದಾಗ ಕೊಂಡ ತರ್ತಾಳ. ಸೆರಗಿನ್ಯಾಗ ಮುಚಿಗೊಂಡ ಬಂದು, ಹಂಚ ಕಾಸಿ, ಅಡಗಿ ಮನ್ಯಾಗ ಖಾಲಿ ಹಲಗಿ ಮ್ಯಾಲೆ ಟಪ ಟಪ ಅಂತ ಕೈ ಬಡೀತಾಳ. ಅಕಿ ಅತ್ತಿ ಲಗಮವ್ವ ಪಡಸಾಲ್ಯಾಗ ಕುಂತು ಆ ಸಪ್ಪಳ ಕೇಳಿ, ನಮ್ಮ ಸೊಸಿ ಕೈಯಾಗ ಏನ ಹದಾ ಐತಿ ಅಂತ ಹಿಗ್ಗತಾಳ. ಇದನ್ನ ಭಾಗ್ಯಾ ನಿನ್ನೊಬ್ಬಾಕಿ ಮುಂದ ಹೇಳಿದ್ಲು. ಗುಟ್ಟು ಹೊರಗ ಬಿಡಂಗಿಲ್ಲ ಅಂತ ನೀ ಮಾತ ಕೊಟ್ಟಿದ್ದಿ. ನಿನ್ನೆ ಲಗಮವ್ವ ಅಡಗಿ ಮನಿಗೆ ನುಗ್ಗಿ ನೋಡಿದ್ಲು. ಹಲಗಿ ಮ್ಯಾಲೆ ಹಿಟ್ಟಿನ ಹುಡಿ ಸೈತ ಇಲ್ಲ. ನೇತ್ರಾ ಮಾತ ಕೊಟ್ಟು ಮುರದ್ಲು, ಅಕಿ ಸಭಾಕ್ಕ ಯಾರೂ ಹೋಗಬ್ಯಾಡ್ರಿ ಅಂತ ಭಾಗ್ಯಾ ಮನಿ ಮನಿಗೆ ಹೇಳಿದ್ಲು. ಮುಗೀತು.

ನನಗ ಹೆಂಗ ಗೊತ್ತಂದ್ರ… ಅಕಿ ನಿನ್ನ ಮುಂದ ಹೇಳೂವಾಗ ನಾ ಪಡದೆ ಹಿಂದ ನಿಂತಿದ್ದೆ. ತಪ್ಪಾತು. ಕಿವಿ ತಾನ ಹೋತು, ನಾ ಕಳಸಲಿಲ್ಲ.

ತಲಿ ಯಾಕ ಅಲ್ಲಾಡಸ್ತಿ? ಈ ಮನ್ಯಾಗ ಹೇಳೇ ಇಲ್ಲಾ? ಮತ್ತೆಲ್ಲಿ, ಕೂಡಲಸಂಗಮಕ್ಕ ಹೋದಾಗಾ? ಹೊಳಿ ದಂಡ್ಯಾಗ, ಇಬ್ಬರ ಇದ್ದಾಗಾ?

ಆವತ್ತ ನಾ ಬಂದಿರಲಿಲ್ಲ. ಹೌದು.

ಅಲ್ಲೂ ಪಡದೆ ಇತ್ತು ಅನ್ನಾಕ ಬರಂಗಿಲ್ಲ.

ಚಾ ಮಾಡ್ಲೇನು? ಬ್ಯಾಡಾ. ಏನಾರ ಮಾತಾಡು ಯವ್ವಾ. ಬೈಯರ ಬೈಯಿ. ಹಿಂಗ ಸುಮ್ಮನ ಕುಂತ್ರ ನನ್ನ ಬಾಯಿ ನನ್ನ ಮಾತ ಕೇಳಂಗಿಲ್ಲ.

ಮಲ್ಲಮ್ಮನ ಕಡೆ ನೋಡಿದೆ ಅಕೀನ್ನ. ನನ್ನ ಕಣ್ಣಿಲೆ ನೋಡಿದೆ. ರೊಟ್ಟಿ ಸೆರಗಿನ್ಯಾಗ ಇಟಗೊಳ್ಳಾಕತ್ತಿದ್ಲು. ನಾನಾ? ನಾ ಹಂಗ… ಹಾದು ಹೊಂಟಿದ್ದೆ.

ಹೌದು, ಮಲ್ಲಮ್ಮನ ಮನಿ ಓಣಿ ಕಡೀ ಮನಿ. ಅದರ ಹಿಂದ ಗ್ವಾಡಿ ಐತಿ. ಹಾದು ಹೋಗಾಕ ದಾರಿ ಇಲ್ಲ. ಗೊತ್ತೈತಿ ನನಗ, ಈ ಓಣಿಗೆ ಲಗ್ನಾ ಆಗಿ ಬಂದಾಕಿ ನಾನು.

ಅನಲಿಕ್ಕೇ ಬೇಕೇನ? ಅನ್ತೇನಿ ತೊಗೊ. ಲಗಮವ್ವಗ ಹೇಳಿದಾಕಿ ನಾನ. ಹೇಳಬೇಕಂತ ಹೇಳಲಿಲ್ಲ. ಅಕಿ ಕಟ್ಟಿ ಮ್ಯಾಲೆ ಬಂದು ಕುಂತು, “ನಿಮ್ಮ ಸೊಸಿ ಪುಸ್ತಕ ಹಿಡಕೊಂಡ ಊರ ತಿರಗತಾಳ, ನಮ್ಮಾಕಿ ನೋಡು, ದಿನಾ ಎದ್ದು ರೊಟ್ಟಿ ಬಡೀತಾಳ” ಅಂದ್ಲು. ನಿನ್ನ ಅಂದ್ಲಲ್ಲ, ಸಿಟ್ಟ ಬಂತು. “ನಿಮ್ಮಾಕಿ ರೊಟ್ಟಿ ಎಲ್ಲಾ ಒಂದ ಅಳತಿ ಇರ್ತಾವಲ್ಲ ಲಗಮವ್ವಾ, ಥೇಟ ಮಲ್ಲಮ್ಮನ ರೊಟ್ಟಿ ಇದ್ದಂಗ” ಅಂದೆ. ಅಷ್ಟ ಅಂದಿದ್ದು. ಉಳದದ್ದು ಅಕಿನ ಹೋಗಿ ನೋಡಕೊಂಡ್ಲು.

ನಿನ್ನ ಮ್ಯಾಲೆ ಬರ್ತೈತಿ ಅಂತ ನನಗ ಹೊಳೀಲಿಲ್ಲ ನೇತ್ರಾ. ಬಸವಣ್ಣನ ಆಣಿ ಮಾಡಿ ಹೇಳ್ತೇನಿ, ಹೊಳೀಲಿಲ್ಲ.

ಮುಗೀತಲ್ಲ? ಎಲ್ಲಾ ಹೇಳೇನಿ. ಇನ್ನೇನೂ ಇಲ್ಲ.

ಇಲ್ಲಂದ್ನೆಲ್ಲ!

ಯಾಕ ಎದ್ದಿ? ಅಡಗಿ ಮನ್ಯಾಗ ಏನೈತಿ? ಏ, ಹಿಟ್ಟಿನ ಡಬ್ಬಿ ಯಾಕ ತಗೀತಿ, ತುಂಬಿದ್ದೈತಿ ಅದು, ಗಿರಣಿಂದ ಮೊನ್ನೆ… ಮೊನ್ನೆ ಅಲ್ಲ ಬಿಡು, ಯುಗಾದಿ ಮುಂದ ಬೀಸಿಸಿದ್ದು. ನೇತ್ರಾ? ಏನ ಮಾಡಾಕತ್ತಿ ಅಲ್ಲಿ? ಏನದು ಸಪ್ಪಳಾ?

ಟಪ ಟಪ.

ನಿಂದ್ರಸು. ನಿಂದ್ರಸವ್ವಾ, ಕೈ ಮುಗೀತೇನಿ. ಖಾಲಿ ಹಲಗಿ ಬಡ್ಯಾಕ ಯಾರ ಕಲಿಸ್ಯಾರ ನಿನಗ? ನಾನಾ? ನಾ ಇಷ್ಟ ಬಿರುಸ ಬಡೀತಿದ್ದಿಲ್ಲ.

ಎಂದಿನಿಂದ ಗೊತ್ತಿತ್ತ ನಿನಗ? ಗೊತ್ತಿದ್ದೂ ಉಂಡೀಯೇನ? “ಅತ್ತಿ, ಇವತ್ತ ರೊಟ್ಟಿ ಭಾಳ ಮೆತ್ತಗ ಆಗ್ಯಾವು” ಅಂದಿ. ನಾ ಹಿಗ್ಗಿ ಇನ್ನೊಂದ ಹಾಕಿದೆ. ಮಲ್ಲಮ್ಮನ ರೊಟ್ಟಿಗೆ ನಾ ಹಿಗ್ಗಿದೆ!

ಕೈ ಆಗವಲ್ದು ನೇತ್ರಾ. ಬಾಗಲಾ ಬಡೀಲಿಲ್ಲ, ಚೀಲ ಎತ್ತಲಿಲ್ಲ. ಹಿಟ್ಟ ನಾದಾಕ ಹೋದ್ರ ಮಣಿಕಟ್ಟಿಂದ ಮೊಣಕೈತನಕ ಚಳಕ ಹೊಡೀತೈತಿ. ದವಾಖಾನ್ಯಾಗ ರೊಟ್ಟಿ ಬಡೀಬ್ಯಾಡ ಅಂದಾರ. ಸುನೀಲ ನಿನ್ನ ಓದಸ್ತೇನಿ ಅಂದಾಗ, ಓದಲಿ, ರೊಟ್ಟಿ ನಾ ಬಡೀತೇನಿ ಅಂದಾಕಿ ನಾನ. ಈಗ ಕೈ ಆಗಂಗಿಲ್ಲ ಅಂದ್ರ ನೀ ಏನ ಮಾಡ್ತಿದ್ದಿ ಹೇಳು. ಕಾಲೇಜ ಬಿಟ್ಟ ಒಲಿ ಮುಂದ ಕುಂದರ್ತಿದ್ದಿ. ಅದ ಅಂಜಿಕಿ ನನಗ. ಭಾಗ್ಯಾ ನನ್ನ ಮಲ್ಲಮ್ಮನ ಕಡೆ ನೋಡಿದ್ಲು, ಎಲ್ಲಿ ಬಾಯಿ ಬಿಡ್ತಾಳೋ ಅಂತ ರಾತ್ರಿ ನಿದ್ದಿ ಇಲ್ಲ. ಕಡೀಕ ಬಾಯಿ ಬಿಟ್ಟಾಕಿ ನಾನ. ನಿನ್ನ ಓದ ಉಳಿಸಾಕ ಹೋಗಿ ನಿನ್ನ ಓದಿಗೇ ಕಲ್ಲ ಹಾಕಿದೆ.

ಅಳಬ್ಯಾಡ. ಅಳಾಕತ್ತಿಯೋ, ನಗಾಕತ್ತಿಯೋ? ಎರಡೂ ಕೂಡಿ ಬ್ಯಾಡ, ನನಗ ತಿಳಿಯಂಗಿಲ್ಲ.

ಕೈ ಬಿಡು. ಮೆತ್ತಗ, ಮೆತ್ತಗ ಹಿಡಿ. ಆ ಕೈಯಲ್ಲ, ಈ ಕೈ ಹಿಡಿ. ನಡಿ ಈಗ. ಎಲ್ಲಿಗಂದ್ರ? ಭಾಗ್ಯಾನ ಮನಿಗೆ. ಲಗಮವ್ವನೂ ಇರ್ತಾಳ, ಇರಲಿ. ನೇತ್ರಾ ಹೇಳಿಲ್ಲ, ನಾ ಹೇಳೇನಿ ಅಂತೇನಿ. ನಾನೂ ಮಲ್ಲಮ್ಮನ ಗಿರಾಕಿನ ಅದೇನಿ ಅಂತೇನಿ. ನಗಲಿ. ನಕ್ಕ ಮ್ಯಾಲೆ ನಾಳೆ ಸಭಾಕ್ಕ ಬರ್ತಾರ. ಇದನ್ನ ಇನ್ನೊಮ್ಮೆ ಕೇಳಾಕಾರ ಬಂದ ಬರ್ತಾರ ತೊಗೊ, ಮೇಡಮ್ಮಗ ಖುರ್ಚಿ ಸಾಲಂಗಿಲ್ಲ.

ನೀ ಅಲ್ಲಿ ಬಂದು ಏನೂ ಮಾತಾಡಬ್ಯಾಡ. ನನ್ನ ಬಾಜೂಕ ಸುಮ್ಮನ ನಿಂದ್ರು. ಅದೊಂದರಾಗ ನೀ ಆಗಲೇ ಪಾಸಾಗಿ ಯವ್ವಾ.