ಪೆನ್ಸಿಲಿನಲ್ಲಿ ಬರೆದ ಕುಲ

ನಗುವವರು ಈಗಲೇ ನಕ್ಕುಬಿಡಿ... ಇದು ಉಗಾರ ಬುದ್ರುಕದಲ್ಲಿ, ನಮ್ಮ ಚಿಕ್ಕಮ್ಮನ ಓಣಿಯ ಮನಿಷಾಗೆ ಆದದ್ದು.

ಕಡೆಯ ಬಸ್ಸಿಳಿದು ಒಬ್ಬಳೇ ಬರುತ್ತಿದ್ದಳು. ಕಬ್ಬಿನ ನಡುವಿನ ಬಾವಿ ಹತ್ತಿರವಾದಂತೆ ಹೆಜ್ಜೆ ನಿಧಾನವಾಯಿತು. ಹೋದ ಶ್ರಾವಣದಲ್ಲಿ ಅವಳ ಗಂಡ ಸುರಜ, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮಾಸ್ತರ, ಅಲ್ಲೇ ಬಿಳಿ ಧೋತರವನ್ನು ಪರದೆಯಂತೆ ಕಟ್ಟಿ, ಬ್ಯಾಟರಿ ದೀಪ ಹಚ್ಚಿ ಹುಲಿಪತಂಗ ಅನ್ನುವ ರಾತ್ರಿಯ ಚಿಟ್ಟೆ ಹಿಡಿಯುತ್ತಿದ್ದ. ಕಡೆಗೆ ಬಂದದ್ದರ ರೆಕ್ಕೆಯ ಗುರುತೆಲ್ಲ ಉದುರಿತ್ತು. ಅದನ್ನು ಸೀಸೆಗೆ ಹಾಕಿ, ಪಕ್ಕದಲ್ಲಿ ನಿಂತ ಮನಿಷಾಗೆ ಹೇಳಿದ್ದ:

"ಕ್ರಿಯೇಟೊನೋಟೊಸ್ ಕುಲದ್ದ ಇರಬೇಕು. ಅದರ ಗಂಡು ಹೊಟ್ಟಿಯಿಂದ ನಾಕು ಕೂದಲ ಬಾಲ ಉಬ್ಬಿಸಿ ಹೆಣ್ಣನ್ನ ಕರೀತೈತಿ. ಅದು ಕಂಡ್ರ ಖಾತ್ರಿ. ಇನ್ನೊಂದೀಟು ನಿಂದ್ರು."

"ಹೆಂಡ್ತೀನ ಹೆಂಗ ಕರೀಬೇಕು, ನಿಮಗಿಂತ ಅದಕ್ಕ ಚಲೋ ಗೊತ್ತೈತಿ. ನಡೀರಿ, ನಿದ್ದಿ ಬಂದೈತಿ!"

ಅವಳೇ ದೀಪ ಆರಿಸಿದಳು. ಟಕ್. ಕತ್ತಲಲ್ಲಿ ಧೋತರ ಮಡಚುವಾಗ ಅವನಿಗೆ ಹಾವು ಕಡಿಯಿತು. ಅಥಣಿಯ ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಯಿತು.

ಆಮೇಲೆ ಆ ಪತಂಗಕ್ಕೆ ಅವಳೇ ಸೂಜಿ ಚುಚ್ಚಿದಳು. ಕೆಳಗೆ ಚೀಟಿ: 'ಹಿಡಿದವರು: ಸುರಜ, ಮನಿಷಾ.' ಕುಲದ ಹೆಸರು ಮಾತ್ರ ಪೆನ್ಸಿಲಿನಲ್ಲಿ. ಖಾತ್ರಿಯಾಗದೆ ಶಾಯಿ ಮುಟ್ಟಬಾರದು ಅನ್ನುವುದು ಅವನ ಹಟ. ಮರುದಿನ, ಅವನ ಜೊತೆ ಕಾಲೇಜಿನಲ್ಲಿ ಕಲಿಸುತ್ತಿದ್ದ ಸಾರಿಕಾ ಮೇಡಂ ಪತಂಗಗಳ ಪೆಟ್ಟಿಗೆಯನ್ನು ಕಾಲೇಜಿಗೆ ಒಯ್ಯಲು ಬರುವವರಿದ್ದರು. "ಕುಲ ತಿಳೀಲಾರದ್ದನ್ನ ಕಾಲೇಜಿನ್ಯಾಗ ಇಡಂಗಿಲ್ರಿ ವೈನಿ, ತಗದ ಒಗೀತಾರ," ಅಂದಿದ್ದರು. ಇಬ್ಬರ ಹೆಸರೂ ಒಟ್ಟಿಗಿದ್ದ ಚೀಟಿ ಅದೊಂದೇ. ಖಾತ್ರಿಯಿಲ್ಲದೆ ಶಾಯಿಯಲ್ಲಿ ಬರೆದುಬಿಟ್ಟರೆ, ಸತ್ತ ಮೇಲೂ ಜಗಳಕ್ಕೆ ಬರುವಂಥ ಮನುಷ್ಯ ಅವನು.

ಈಗ ಅದೇ ಬಾವಿ ದಾಟಬೇಕು... ಟಕ್.

ಅದೇ ದೀಪದ ಗುಂಡಿಯ ಸದ್ದು. ದೀಪವೋ ಮನೆಯ ಟ್ರಂಕಿನಲ್ಲಿ. ಬೆಳಕಿಲ್ಲ. ಗಾಳಿಯಿಲ್ಲ. ಆದರೂ ಬಟ್ಟೆ ಬಡಿದುಕೊಂಡಿತು... ಫಡ್... ಫಡ್...

ಆಮೇಲೆ, ಕಿವಿಯ ಹತ್ತಿರವೇ:

"ಮನಿಷಾ... ಇನ್ನೊಂದೀಟು ನಿಂದ್ರು."

ಬೇರೆ ಯಾರಾದರೂ ಆಗಿದ್ದರೆ ಓಡುತ್ತಿದ್ದರು. ಅವಳು ಓಡಲಿಲ್ಲ.

"ನಿಂತೀನ್ರಿ," ಅಂದಳು. "ಈ ಸಲ ಎಲ್ಲೀಗೂ ಹೋಗಂಗಿಲ್ಲ."

ಕೋಳಿ ಕೂಗುವವರೆಗೂ ಅಲ್ಲೇ ನಿಂತಳು. ಅತ್ತೆ ಅಕ್ಕುತಾಯಿ ಲಾಟೀನು ಹಿಡಿದು ಹುಡುಕಿಕೊಂಡು ಬಂದಾಗ ಅವಳ ಸೀರೆಯೆಲ್ಲ ಮಂಜಿನಿಂದ ಒದ್ದೆ.

ಹತ್ತಕ್ಕೆ ಸಾರಿಕಾ ಬಂದು ಪೆಟ್ಟಿಗೆಯ ಬೀಗ ತೆಗೆಸಿದರು. ಭೂತಗನ್ನಡಿ ಹಿಡಿದು ಆ ಪತಂಗವನ್ನು ಬಹಳ ಹೊತ್ತು ನೋಡಿದರು.

"ವೈನಿ... ಇದನ್ನ ಯಾರರೆ ಮುಟ್ಟಿದ್ರೇನು?"

"ಇಲ್ರಿ. ಕೀಲಿ ನನ್ನ ಕೊರಳಾಗ ಐತಿ."

ಸಾರಿಕಾ ಪೆನ್ಸಿಲ್ ಅಳಿಸಿ, ಶಾಯಿಯಲ್ಲಿ ಬರೆದರು.

ಖರೇ ಆದದ್ದು ಇದು. ಪೆಟ್ಟಿಗೆ ನಿಪ್ಪಾಣಿಯ ಕಾಲೇಜಿನಲ್ಲಿದೆ, ಹೋಗಿ ನೋಡ್ರಿ. ವರ್ಷದಿಂದ ಒಣಗಿ ಕಡ್ಡಿಯಾಗಿದ್ದ ಪತಂಗ... ಹೊಟ್ಟೆಯಿಂದ ನಾಲ್ಕು ಕೂದಲ ಬಾಲ ಹೊರಗೆ ಚಾಚಿಕೊಂಡಿದೆ.