ಜೇನು ರುಚಿ ನೋಡಿದವಳು

ಪಟಾಪ್ಸ್ಕೋ ಹೊಳೆಗೆ ನೀರು ಬಂದರೆ ಅಮೆರಿಕದ ಎಲಿಕಾಟ್ ಸಿಟಿಯ ತಗ್ಗಿನ ಬೀದಿಯವರು ಕಾರುಗಳನ್ನು ದಿಣ್ಣೆಗೆ ಏರಿಸಿಡುತ್ತಾರೆ. ಆ ಸಂಜೆಯೂ ಹಾಗೇ ಆಯಿತು. ಎಲ್ಲರ ಫೋನುಗಳೂ ಒಟ್ಟಿಗೆ ಕಿರುಚಿ ಪ್ರವಾಹದ ಎಚ್ಚರಿಕೆ ಕೊಟ್ಟವು. ದೀಪ ಹಚ್ಚುವ ಹೊತ್ತು. ರಚನಾ ಕಿಟಕಿಯ ಬಳಿಯ ಬಿಳಿ ಬಟ್ಟೆಯ ಮೇಲೆ ಗಾಜಿನ ಲೋಟವಿಟ್ಟು ನೀರು ತುಂಬಿಸುತ್ತಿದ್ದಳು. ಅಂಚಿನವರೆಗೂ ತುಂಬಿ, ಬೆರಳ ಮೇಲೆ ಒಂದಿಷ್ಟು ಚೆಲ್ಲಿತು. ಇದು ಅವಳ ತಾಯಿ ಶಿವಬಸಮ್ಮನವರು ಈ ಮನೆಗೆ ತಂದ ರೂಢಿ. ಏಕೆಂದು ಕೇಳಿದರೆ "ಡೆನೀಸ್ ಬಿಟ್ಟುಹೋದ ಕೆಲಸ ಕಣೇ" ಎಂದಷ್ಟೇ ಹೇಳುತ್ತಿದ್ದರು.

ಅಷ್ಟರಲ್ಲಿ ಬಾಗಿಲು ತೆರೆದು, ರಚನಾಳ ಗಂಡನ ಸ್ನೇಹಿತ ಸಿದ್ಧಲಿಂಗೇಶ ತೊಯ್ದು ತೊಪ್ಪೆಯಾಗಿ ಒಳಗೆ ಬಂದ. ಆಶ್‌ಬರ್ನ್‌ನಿಂದ ಊಟಕ್ಕೆ ಕರೆಸಿಕೊಂಡಿದ್ದರು.

"ಏನ್ ಮಳೆ ಮಾರಾಯ! ಎರಡು ಗಂಟೆ ಡ್ರೈವ್ ಮಾಡಿದೀನಿ!"

ಅವನು ತಲೆ ಒರೆಸಿಕೊಳ್ಳುವುದರೊಳಗೆ ಮನೆಯೆಲ್ಲ ಕತ್ತಲಾಯಿತು.

"ಪವರೂ ಹೋಯ್ತಲ್ಲ ಮಾರಾಯ! ನನ್ನ ಕಾಲ್ಗುಣ!"

ಎಲ್ಲರೂ ನಕ್ಕರು. ರಚನಾ ಮೇಣದಬತ್ತಿ ಹಚ್ಚಿ ಲೋಟದ ಪಕ್ಕ ಇಟ್ಟಳು. ಅವಳ ಹತ್ತು ವರ್ಷದ ಮಗಳು ಅಕ್ಷಯಾ ಅಜ್ಜಿಯ ಶಾಲಿನೊಳಗೆ ತೂರಿಕೊಂಡು, "ಅಜ್ಜಿ, ಸ್ಟೋರಿ ಹೇಳು. ಸ್ಕೇರಿ ಒನ್," ಎಂದಳು.

ಶಿವಬಸಮ್ಮನವರು ಹಣೆಯ ವಿಭೂತಿಯನ್ನೊಮ್ಮೆ ಮುಟ್ಟಿಕೊಂಡು ಶುರುಮಾಡಿದರು.

"ಕೇಳು ಮಗ... ಪಕ್ಕದ್ಮನೆ ಡೆನೀಸ್ ನಿಂಗೆ ನೆನಪಿದಾಳಾ? ಬೇಲಿ ಮೇಲಿಂದ ನಿಂಗೆ ಪೀಚ್ ಹಣ್ಣು ಕೊಡ್ತಿದ್ಳು, ನರ್ಸಮ್ಮ... ಆ ಕೊರೋನಾ ಕಾಲದಲ್ಲಿ ಯಾರ ಮುಖ ಯಾರೂ ನೋಡೋಹಂಗಿರಲಿಲ್ಲ, ನಾನು ಈಕಡೆ ಕುರ್ಚಿ ಹಾಕ್ಕೊಂಡು, ಅವಳು ಆಕಡೆ ಕುರ್ಚಿ ಹಾಕ್ಕೊಂಡು, ನಂದು ಕಾಲುವಾಸಿ ಇಂಗ್ಲಿಷು, ಅವಳದು ಮುಕ್ಕಾಲುವಾಸಿ ಕೈಸನ್ನೆ, ಹಂಗೇ ಒಂದು ವರ್ಷ ಕಳೆದ್ವಿ. ಎಂಥಾ ದಿನಗಳು ಅವು... ಅಮ್ಮಾ ಅಂತಿದ್ಳು ನನ್ನ. ಅವಳ ತಾಯಿ ಆ ಕಾಯಿಲೇಲೇ ಹೋದ್ಳು. ಆಮೇಲೆ ಅವಳಿಗೆ ತನ್ನ ಹಿಂದಿನೋರ ದೇವರುಗಳು ಬೇಕು ಅನ್ನಿಸ್ತು. ಯೊರುಬಾ ಅಂತ, ಆಫ್ರಿಕಾದ ಜನ. ಆ ದೇವರುಗಳಿಗೆ ಒರಿಶಾ ಅಂತಾರೆ. ಹೊಳೆಗೇ ಒಬ್ಬಳು ತಾಯಿ ಇದಾಳೆ, ಓಶುನ್ ಅಂತ, ಅವಳಿಗೆ ಜೇನು ಅಂದ್ರೆ ಪ್ರಾಣ.

"ಅಟ್ಲಾಂಟಾದಲ್ಲಿ ಆ ದೇವರುಗಳನ್ನ ಪೂಜಿಸೋ ಒಬ್ಬ ಹಿರೀಕಳು ಫೋನಲ್ಲಿ ಇವಳಿಗೆ ದಾರಿ ಹೇಳಿಕೊಡ್ತಿದ್ಳು. ಏನಂತ? ಮಗಳೇ, ದೇವರ ಹತ್ರ ಆಮೇಲೆ ಹೋಗು, ಮೊದಲು ನಿನ್ನ ಹಿರಿಯರು. ಬಿಳಿ ಬಟ್ಟೆ ಹಾಸು, ನೀರಿಡು, ಹೆಸರು ಹಿಡಿದು ಕರಿ... ನೋಡಿ, ನನಗೆ ಮೈ ಜುಮ್ಮಂತು! ನಂಜನಗೂಡಲ್ಲಿ ನಮ್ಮವ್ವ ಹಿರಿಯರ ಹಬ್ಬದ ದಿನ ಎಡೆ ಇಟ್ಟು, ಬಾಗಿಲು ಮುಂದಕ್ಕೆಳೆದು, ನಮ್ಮನ್ನೆಲ್ಲ ಜಗಲಿ ಮೇಲೆ ಕೂರಿಸೋಳು, ಅವರು ಉಣ್ಣಲಿ ಅಂತ. ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು, ಕೊನೇಗೆ, 'ಹೆಸರು ಗೊತ್ತಿಲ್ಲದೋರೂ ಬನ್ರಪ್ಪ' ಅನ್ನೋಳು. ಆ ದನಿ ಈಗಲೂ ಕಿವೀಲಿದೆ..."

ರಚನಾಳಿಗೆ ತನ್ನ ಅಜ್ಜಿಯ ಆ ಜಗಲಿ ಕಣ್ಣಿಗೆ ಕಟ್ಟಿತು, ಬೇಯಿಸಿದ ಅವರೆಕಾಳಿನ ವಾಸನೆಯ ಸಮೇತ.

"ಡೆನೀಸಳ ಕಷ್ಟ ಏನು ಗೊತ್ತಾ? ಅವಳ ಹತ್ರ ಹೆಸರುಗಳೇ ಇರಲಿಲ್ಲ. ತಾಯಿ, ಅಜ್ಜಿ... ಮುಗೀತು. ಅಜ್ಜಿಯ ತಾಯಿ ಯಾರೋ, ಕ್ಯಾರೊಲಿನಾ ಸೀಮೆಯೋಳು ಅಂತ ಗೊತ್ತು, ಹೆಸರು ಯಾರೂ ಎತ್ತೋರಲ್ಲ. ಅವಳಿಂದ ಹಿಂದಕ್ಕೆ ಗುಲಾಮಗಿರಿ, ಬರೀ ಕತ್ತಲೆ. 'ಹೆಸರು ಗೊತ್ತಿಲ್ಲದೆ ಕರೆದರೆ ಯಾರು ಬರ್ತಾರೆ ಅಮ್ಮಾ, ನಾನು ಯಾರೋ ಅಂತ ಅವರಿಗಾದ್ರೂ ಹೆಂಗೆ ಗೊತ್ತಾಗುತ್ತೆ' ಅಂತ ಅಳೋಳು."

"ಅಯ್ಯೋ ಮಾರಾಯ..." ಎಂದು ಸಿದ್ಧಲಿಂಗೇಶ ನಿಟ್ಟುಸಿರಿಟ್ಟ. ಶಿವಬಸಮ್ಮನವರು ಅವನನ್ನು ಒಂದು ಗಳಿಗೆ ನೋಡಿ ಮುಂದುವರಿಸಿದರು.

"ಒಂದು ಶುಕ್ರವಾರ ಮಧ್ಯಾಹ್ನ ಹೊಳೆಗೆ ಹೋದ್ವಿ. ಈ ನಮ್ಮ ರಚನಾನೇ ಕರಕೊಂಡು ಹೋಗಿದ್ದು, ಆದರೆ ಕಾರಲ್ಲೇ ಕೂತು ಮೀಟಿಂಗ್ ಮಾಡ್ತಿದ್ಳು."

"ನಾನು ಮ್ಯೂಟಲ್ಲಿದ್ದೆ, ಅಮ್ಮ," ಎಂದಳು ರಚನಾ.

"ಕಣ್ಣೂ ಮ್ಯೂಟಲ್ಲಿತ್ತು ಬಿಡು. ಜೇನಿನ ಶೀಸೆ ನನ್ನ ಕೈಲಿತ್ತು, ಮುಚ್ಚಳ ಬಿಚ್ಚದ ಹೊಸದು. ಡೆನೀಸ್ ಅಂತಾಳೆ, 'ಅಮ್ಮಾ, ಒಂದು ಬೆರಳು ನೆಕ್ಕಿ ನೋಡು'. ಯಾಕೆ? ಹಿಂದೆ ಯಾರೋ ಆ ತಾಯಿಗೆ ವಿಷದ ಜೇನು ಕೊಟ್ಟಿದ್ದರಂತೆ. ಅವತ್ತಿಂದ ಕೊಡೋರು ಮೊದಲು ರುಚಿ ನೋಡಿ, ಒಳ್ಳೇದು ಅಂತ ತೋರಿಸಿಯೇ ಕೊಡಬೇಕು. ಇವಳಿಗೋ, ಕೊರೋನಾ ಬಂದು ಹೋದಮೇಲೆ ನಾಲಿಗೆಗೆ ರುಚಿಯೇ ತಿಳೀತಿರಲಿಲ್ಲ. ತಾನು ನೋಡಿದರೆ ಸುಳ್ಳಾಗುತ್ತೆ ಅಂತ ನನ್ನ ಕೇಳ್ತಾಳೆ... ನಾನೇನಂದೆ? 'ಥೂ ಥೂ, ದೇವರಿಗೆ ಇಟ್ಟ ಮೀಸಲು, ನನ್ನ ಎಂಜಲು ಮಾಡ್ತೀನಾ, ಸುತರಾಂ ಆಗಲ್ಲ' ಅಂದೆ. ಅರವತ್ತು ವರ್ಷದ ಅಭ್ಯಾಸ ನೋಡಿ... ಅವಳ ಮುಖ ಬಾಡಿಹೋಯ್ತು. ಹೋಗಿ ಬಂಡೆ ಮೇಲೆ ಕೂತು, ಮುಖ ಮುಚ್ಚಿಕೊಂಡ್ಳು.

"ಆಗ ನೀರೊಳಗಿಂದ... ಅಲ್ಲ, ಎಲ್ಲಿಂದ ಬಂದ್ಳೋ ನಾ ಕಾಣೆ, ಒಬ್ಬ ಮುದುಕಿ ಎದುರಿಗೆ ನಿಂತಿದಾಳೆ. ತಲೆಗೆ ಬಿಳಿ ಬಟ್ಟೆ ಕಟ್ಟಿದಾಳೆ. ಮಂಡಿವರೆಗೂ ಹೊಳೆ ಹರೀತಿದೆ, ಲಂಗ ಮಾತ್ರ ಒದ್ದೆಯಿಲ್ಲ! ಕೈ ಚಾಚಿದ್ಳು. ನಾನೂ ಮಂಕು ಬಡಿದೋಳ ಹಂಗೆ ಶೀಸೆ ಬಿಚ್ಚಿ ಹಿಡಿದೆ. ಬೆರಳು ಅದ್ದಿದ್ಳು, ಬಾಯಿಗಿಟ್ಟುಕೊಂಡ್ಳು, ಕಣ್ಣು ಮುಚ್ಚಿದ್ಳು... ಎಷ್ಟು ಕಾಲದಿಂದ ಹಸಿದಿದ್ಳೋ! ಆಮೇಲೆ ಎದೆ ಮುಟ್ಟಿಕೊಂಡು ಒಂದೇ ಮಾತು ಅಂದ್ಳು. ಏನು? ಮಾರಾಯ!

"ನನಗೆ ನಗು ಬಂತು. ಈ ಅಮೆರಿಕದ ಮುದುಕಿಗೆ ಕನ್ನಡ ಬರುತ್ತಲ್ಲಪ್ಪ ಅಂತ! 'ಹೆಂಗಸಿಗೆ ಮಾರಾಯ್ತಿ ಅನ್ನಬೇಕು ಕಣಮ್ಮ' ಅಂತ ತಿದ್ದಿದೆ ಕೂಡ. ತಿದ್ದಿ, ಡೆನೀಸಳ ಕಡೆ ತಿರುಗಿದೆ. ಅವಳು ಎದ್ದು ನಿಂತು ನನ್ನನ್ನೇ ನೋಡ್ತಿದಾಳೆ. 'ಯಾರ ಹತ್ರ ಮಾತಾಡ್ತಿದೀಯ ಅಮ್ಮಾ?'

"ಹೊಳೇಲಿ ಯಾರೂ ಇಲ್ಲ. ಜೇನಲ್ಲಿ ಮಾತ್ರ ಬೆರಳ ಗೆರೆ... ಹಂಗೇ ಇದೆ.

"'ಏನಂದ್ಳು' ಅಂತ ಕೇಳಿದ್ಳು. 'ಮಾರಾಯ' ಅಂದೆ. ಇನ್ನೊಂದು ಸಲ ಹೇಳು ಅಂದ್ಳು. ಹೇಳಿದೆ. ಅಲ್ಲಿಂದಲೇ ಕ್ಯಾರೊಲಿನಾದಲ್ಲಿರೋ ತನ್ನ ದೊಡ್ಡಮ್ಮನಿಗೆ ಫೋನ್ ಮಾಡಿ ಆ ಮಾತನ್ನೇ ಅಂದ್ಳು. ಆಕಡೆಯಿಂದ ಆ ದೊಡ್ಡಮ್ಮ, 'ಆ ಹೆಸರು ನಿಂಗ್ಯಾರು ಹೇಳಿದ್ರು?' ಅಂದ್ಳಂತೆ. ಮರಾಯಾ! ಅದು ಡೆನೀಸಳ ಅಜ್ಜಿಯ ತಾಯಿ ಹೆಸರು, ನನ್ನ ಕಿವಿಗೆ ಮಾರಾಯ ಅಂತ ಬಿದ್ದಿತ್ತು. ಒಂದಿನ ಹೊಳೆಗೆ ಹೋದೋಳು ತಿರುಗಿ ಬರಲಿಲ್ಲ. ಆ ದುಃಖಕ್ಕೆ ಮನೇಲಿ ಹೆಸರು ಎತ್ತೋದನ್ನೇ ಬಿಟ್ಟಿದ್ದರಂತೆ...

"ಆ ಜೇನನ್ನ ಡೆನೀಸ್ ಎರಡೂ ಕೈಲಿ ಹೊಳೆಗೆ ಎರೆದ್ಳು. ಅವತ್ತು ಶುರುವಾಯ್ತು ನೋಡಿ ಅವಳ ದೇವರ ನಂಟು. ಈಗ ಅಟ್ಲಾಂಟಾದಲ್ಲೇ ಇದಾಳೆ, ಆ ಹಿರೀಕಳ ಹತ್ರ. ಹೋಗುವಾಗ ಇನ್ನೊಂದು ಬಿಳಿ ಬಟ್ಟೆ, ಈ ಲೋಟ ನನಗೆ ಕೊಟ್ಟು, 'ಅವಳು ಮೊದಲು ಮಾತಾಡಿದ್ದು ನಿನ್ನ ಹತ್ರ, ಅಮ್ಮಾ. ಬಂದರೆ ನೀರಿರಲಿ' ಅಂದ್ಳು."

ಮಳೆ ಸ್ವಲ್ಪ ಇಳಿದಿತ್ತು. ಅಕ್ಷಯಾ ಪಿಸುಗುಟ್ಟಿದಳು, "ಡಸ್ ಷಿ ಕಮ್, ಅಜ್ಜಿ?"

"ಹೆಸರು ಹಿಡಿದು ಕರೆದರೆ ಯಾರು ತಾನೆ ಬರಲ್ಲ ಮಗ? ನೂರು ವರ್ಷ ಯಾರೂ ಕರೆದಿರಲಿಲ್ಲ ಅವಳನ್ನ. ಇದು ಕನ್ನಡದೋರ ಮನೆ... ಕೂತರೂ ನಿಂತರೂ ಯಾರಾದ್ರೂ ಆ ಹೆಸರು ಅಂತಾನೇ ಇರ್ತಾರೆ. ಕರೆದಾಗೆಲ್ಲ ಒಂದು ಗುಟುಕು." ಅವರು ಸಿದ್ಧಲಿಂಗೇಶನ ಕಡೆ ತಿರುಗಿದರು. "ನೀನು ಬಂದಾಗಿಂದ ಎಷ್ಟು ಸಲ ಅಂದೆಯಪ್ಪ?"

ಸಿದ್ಧಲಿಂಗೇಶ ಒಂದೊಂದೇ ಬೆರಳು ಮಡಚಿ ಎಣಿಸಿದ. ಮೂರು.

ರಚನಾ ಮೇಣದಬತ್ತಿಯನ್ನೆತ್ತಿ ಲೋಟದ ಹತ್ತಿರ ಹಿಡಿದಳು. ಚೆಲ್ಲಿದ ನೀರಿನ ತಂಪು ಅವಳ ಬೆರಳಿಗೆ ಇನ್ನೂ ನೆನಪಿತ್ತು. ಈಗ ಲೋಟದಲ್ಲಿ ನೀರು ಅಂಚಿನಿಂದ ಮೂರು ಬೆರಳು ಕೆಳಗಿತ್ತು.

"ಕುಡೀಲಿ ಬಿಡು, ದೂರದಿಂದ ಬಂದಿದಾಳೆ," ಎಂದರು ಶಿವಬಸಮ್ಮನವರು. ಆಮೇಲೆ ಬಲು ಮೆಲ್ಲಗೆ, "ಸಿದ್ಧಲಿಂಗೇಶ... ನೀನು ಸ್ವಲ್ಪ ಸರಿದು ಕೂತ್ಕೋ."